ತಪ್ಪು ಗ್ಲೇಜ್‌ನದ್ದೋ, ಫೋಟೋದ್ದೋ? ಕೈಯಿಂದ ಮಾಡಿದ ಮಣ್ಣಿನ ಪಾತ್ರೆಗಳ ದೋಷ ಹುಡುಕುವ ಕೈಪಿಡಿ

ಒಮ್ಮೆ ದೀಪಾವಳಿಗೆ ಮುಂಚೆ ಒಬ್ಬರು ಫೋಟೋ ನೋಡಿ ಆರು ಚಹಾ ಕಪ್ ತರಿಸಿಕೊಂಡರು. ಪಾರ್ಸೆಲ್ ಮುಟ್ಟಿದ ದಿನವೇ ಮೆಸೇಜ್ ಬಂತು: "ಮೇಡಂ, ಒಂದು ಕಪ್‌ನ ಮೇಲೆ ಚುಕ್ಕೆ ಚುಕ್ಕೆ ಇದೆಯಲ್ಲ, ಫೋಟೋದಲ್ಲಿ ಇರಲಿಲ್ಲ." ನಾನು ಹಳೆಯ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದೆ. ಚುಕ್ಕೆ ಇತ್ತು. ಕಿಟಕಿಯ ಬೆಳಕು ಹೊಳೆದಿರಬೇಕು ಅಂದುಕೊಂಡು ಬಿಟ್ಟಿದ್ದೆ. ಅವು ಗ್ಲೇಜ್‌ನಲ್ಲಿ, ಅಂದರೆ ಪಾತ್ರೆಯ ಮೇಲಿನ ಗಾಜಿನ ಲೇಪದಲ್ಲಿ, ಬಿದ್ದ ಸೂಜಿ ತೂತುಗಳಾಗಿದ್ದವು. ಆರು ಕಪ್‌ನ ದುಡ್ಡೂ ಹೋಯಿತು, ಕೊರಿಯರ್ ದುಡ್ಡೂ ಹೋಯಿತು.

ಧಾರವಾಡದ ನಮ್ಮ ಮನೆಯ ಹಿತ್ತಲಲ್ಲಿ ಒಂದು ಸಣ್ಣ ಕರೆಂಟ್ ಭಟ್ಟಿ ಇದೆ. ಅದರ ಜೊತೆ ವರ್ಷಗಟ್ಟಲೆ ಗುದ್ದಾಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಕಣ್ಣಿಗೆ ಕಾಣುವ ಲಕ್ಷಣದಿಂದ ಶುರು ಮಾಡಿ, ದುಡ್ಡು ಖರ್ಚಾಗದ ಪರೀಕ್ಷೆಯನ್ನು ಮೊದಲು ಹೇಳುತ್ತೇನೆ. ಒಂದೇ ಒಂದು ಮಾತು ನೆನಪಿರಲಿ: ಒಮ್ಮೆಗೆ ಒಂದನ್ನೇ ಬದಲಾಯಿಸಿ. ನೀರು, ಗ್ಲೇಜ್, ಉರಿ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಪಾತ್ರೆ ಚೆಂದ ಬಂದರೂ ಯಾಕೆ ಬಂತು ಅಂತ ಗೊತ್ತಾಗಲ್ಲ.

ಫೋಟೋದಲ್ಲಿ ಏನೋ ಕಲೆ ಕಾಣುತ್ತಿದೆ

ಮೊದಲು ಫೋನಿನ ಲೆನ್ಸ್ ಒರೆಸಿ. ನಗಬೇಡಿ. ಜೇಡಿಮಣ್ಣು ಮುಟ್ಟಿದ ಕೈಯಲ್ಲೇ ಫೋನ್ ಹಿಡಿಯುವವರು ನಾವು.

ಆಮೇಲೆ ಪಾತ್ರೆಯನ್ನು ಕಾಲು ಸುತ್ತು ತಿರುಗಿಸಿ ಇನ್ನೊಂದು ಫೋಟೋ ತೆಗೆಯಿರಿ. ಕಲೆ ಪಾತ್ರೆಯ ಜೊತೆ ತಿರುಗಿದರೆ ಅದು ಪಾತ್ರೆಯದ್ದೇ. ಪಾತ್ರೆ ತಿರುಗಿದರೂ ಕಲೆ ಕಿಟಕಿ ಕಡೆಗೇ ನಿಂತಿದ್ದರೆ ಅದು ಬೆಳಕಿನ ಹೊಳಪು. ಫೋನನ್ನು ಬೇರೆ ಕಡೆ ತಿರುಗಿಸಿದರೂ ಫೋಟೋದ ಅದೇ ಮೂಲೆಯಲ್ಲಿ ಕಂಡರೆ ತಪ್ಪು ಲೆನ್ಸ್‌ನದ್ದು. ಪಾತ್ರೆಯದ್ದು ಅಂತ ಖಾತ್ರಿಯಾದ ಮೇಲೆ ಉಗುರಿನಿಂದ ಮೆಲ್ಲಗೆ ಸವರಿ. ಉಗುರು ಸಿಕ್ಕಿಕೊಂಡರೆ ಕೆಳಗಿನ ಭಾಗಗಳನ್ನು ಓದಿ. ಆದರೆ ಒಡೆದ ಗುಳ್ಳೆ ಕಂಡರೆ ಬೆರಳು ಹಾಕಲೇಬೇಡಿ. ಅದು ಗಾಜಿನ ಅಂಚು, ಕೊಯ್ಯುತ್ತದೆ.

ಗ್ಲೇಜ್ ಮೇಲೆ ಸೂಜಿ ತೂತುಗಳು

ತೂತು ಎಲ್ಲೆಲ್ಲಿ ಬಂದಿದೆ ನೋಡಿ. ತಿಗರಿಯ ಮೇಲೆ ಹೆಚ್ಚಿನ ಮಣ್ಣು ಕೆತ್ತಿ ಟ್ರಿಮ್ ಮಾಡಿದ ಜಾಗದಲ್ಲಿ, ಅಂದರೆ ತಳದ ಹತ್ತಿರ ಮಾತ್ರ ಇದ್ದರೆ, ಕೆತ್ತುವಾಗ ಮಣ್ಣಿನ ಒರಟು ಕಾಳುಗಳು ಎದ್ದು ಸಣ್ಣ ಗುಂಡಿ ಬಿದ್ದಿವೆ ಅಂತ ಅರ್ಥ. ಮುಂದಿನ ಸಲ ಟ್ರಿಮ್ ಆದ ಕೂಡಲೇ ಒದ್ದೆ ಬೆರಳಿನಿಂದ ಸವರಿ ಮುಚ್ಚಿ. ಖರ್ಚು ಸೊನ್ನೆ.

ಮೈತುಂಬ ಇದ್ದರೆ ಮಣ್ಣಿನೊಳಗಿಂದ ಗ್ಯಾಸ್ ಬರುತ್ತಿದೆ. ಕೆಟ್ಟ ಪಾತ್ರೆ ಒಂದನ್ನು ಒಡೆದು ಒಳಗಿನ ದಪ್ಪ ನೋಡಿ. ನಡುವೆ ಕಪ್ಪು ಅಥವಾ ಬೂದು ಗೆರೆ ಕಂಡರೆ ಮೊದಲ ಸುಡುವಿಕೆಯಲ್ಲಿ, ಅಂದರೆ ಬಿಸ್ಕ್‌ನಲ್ಲಿ, ಮಣ್ಣಿನಲ್ಲಿದ್ದ ಬೇರು-ಕಸದ ಇಂಗಾಲ ಪೂರ್ತಿ ಸುಟ್ಟು ಹೋಗಿಲ್ಲ. ಅದು ಎರಡನೇ ಉರಿಯಲ್ಲಿ ಗ್ಲೇಜ್ ಕರಗುವ ಹೊತ್ತಿಗೆ ಹೊರಗೆ ಬರುತ್ತದೆ. ಬಿಸ್ಕ್‌ನಲ್ಲಿ 700 ರಿಂದ 900 ಡಿಗ್ರಿವರೆಗೆ ನಿಧಾನ ಏರಿಸಿ, 1000 ಡಿಗ್ರಿ ಮುಟ್ಟಿಸಿ. ಪಾತ್ರೆಗಳನ್ನು ಒಂದರೊಳಗೊಂದು ಒತ್ತಿ ತುಂಬಬೇಡಿ, ಗಾಳಿ ಆಡಬೇಕು.

ಇಷ್ಟು ಮಾಡಿದರೂ ತೂತು ಬಂದರೆ, ಗ್ಲೇಜ್ ಉರಿಯ ಕೊನೆಯಲ್ಲಿ 15-20 ನಿಮಿಷ ಅದೇ ಶಾಖದಲ್ಲಿ ನಿಲ್ಲಿಸಿ. ಕರಗಿದ ಗಾಜಿಗೆ ತೂತು ಮುಚ್ಚಿಕೊಳ್ಳಲು ಅಷ್ಟು ಸಮಯ ಬೇಕು. ತೂತುಗಳ ಬದಲು ಒಡೆದ ಗುಳ್ಳೆಗಳು ಇದ್ದರೆ ಕಥೆ ಉಲ್ಟಾ. ಉರಿ ಜಾಸ್ತಿಯಾಗಿ ಗ್ಲೇಜ್ ಕುದಿದಿದೆ.

ಗ್ಲೇಜ್ ಮುದುಡಿಕೊಂಡು ನಡುವೆ ಬರಿ ಮಣ್ಣು ಕಾಣುತ್ತಿದೆ

ನನಗೆ ಅತಿ ಹೆಚ್ಚು ಸಿಟ್ಟು ತರಿಸಿದ ದೋಷ ಇದು. ಎಣ್ಣೆ ಹಚ್ಚಿದ ತವೆಯ ಮೇಲೆ ನೀರು ಚಿಮುಕಿಸಿದ ಹಾಗೆ ಗ್ಲೇಜ್ ಹಿಂದಕ್ಕೆ ಸರಿದು, ಅಂಚು ದಪ್ಪಗೆ ಉರುಟಾಗಿ ನಿಂತಿರುತ್ತದೆ.

ಬರಿ ಜಾಗ ಬೆರಳಿನ ಅಗಲ ಇದೆಯಾ? ಹಾಗಿದ್ದರೆ ಕೈ ಎಣ್ಣೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ಜಡೆ ಸರಿಮಾಡಿ, ಅದೇ ಕೈಯಲ್ಲಿ ಬಿಸ್ಕ್ ಪಾತ್ರೆ ಎತ್ತಿದರೆ ಮುಗಿಯಿತು. ಧೂಳೂ ಅಷ್ಟೇ. ಹುಬ್ಬಳ್ಳಿ ಕಡೆಯವರಿಗೆ ಧೂಳಿನ ಬಗ್ಗೆ ನಾನು ಹೇಳಬೇಕಾಗಿಲ್ಲ. ಗ್ಲೇಜ್ ಹಚ್ಚುವ ಹಿಂದಿನ ದಿನ ಒದ್ದೆ ಸ್ಪಂಜಿನಿಂದ ಒರೆಸಿ, ಪೂರ್ತಿ ಒಣಗಿಸಿ, ಮೇಲೆ ಬಟ್ಟೆ ಮುಚ್ಚಿಡಿ.

ಹಿಡಿಕೆಯ ಸಂದಿಯಲ್ಲಿ, ಒಳಮೂಲೆಯಲ್ಲಿ ಮಾತ್ರ ಆಗಿದ್ದರೆ ಅಲ್ಲಿ ಗ್ಲೇಜ್ ದಪ್ಪ ನಿಂತಿದೆ. ಅದ್ದಿ ತೆಗೆದ ಮೇಲೆ ಬ್ರಷ್‌ನಿಂದ ಹೆಚ್ಚಿನದ್ದನ್ನು ಎಳೆದು ಬಿಡಿ.

ಎಲ್ಲಾ ಕಡೆ ಆಗಿದ್ದರೆ ಸುಡುವ ಮುಂಚೆಯೇ ಸುಳಿವು ಇದ್ದಿರುತ್ತದೆ. ಒಣಗಿದ ಗ್ಲೇಜ್ ಪದರವನ್ನು ಬೆಳಕಿಗೆ ಹಿಡಿದು ನೋಡಿ. ಏಪ್ರಿಲ್‌ನಲ್ಲಿ ನವಲಗುಂದದ ಎರೆ ಹೊಲ ಬಿರಿದ ಹಾಗೆ ಬಿರುಕು ಇದೆಯಾ? ಹೊಲದಲ್ಲಿ ಆಗುವುದೂ ಇಲ್ಲಿ ಆಗುವುದೂ ಒಂದೇ: ನೀರು ಜಾಸ್ತಿ ಹೀರಿದ ಜೇಡಿ ಒಣಗುವಾಗ ಜಾಸ್ತಿ ಕುಗ್ಗುತ್ತದೆ. ಆ ಬಿರುಕಿನ ಅಂಚಿನಿಂದಲೇ ಉರಿಯಲ್ಲಿ ಗ್ಲೇಜ್ ಮುದುಡುತ್ತದೆ.

ಗ್ಲೇಜ್‌ಗೆ ಅಷ್ಟು ನೀರು ಯಾಕೆ ಬೇಕಾಯಿತು? ನನ್ನ ವಿಷಯದಲ್ಲಿ ಉತ್ತರ ಸಿಗಲು ಎಂಟು ತಿಂಗಳು ಬೇಕಾಯಿತು. ನಮ್ಮ ಕಡೆ ಮಲಪ್ರಭೆಯ ನಳದ ನೀರು ದಿನಾ ಬರಲ್ಲ. ನೀರು ಇಲ್ಲದ ದಿನ ನಾನು ಬೋರ್‌ವೆಲ್ ನೀರಿನಲ್ಲಿ ಗ್ಲೇಜ್ ಕಲಸುತ್ತಿದ್ದೆ. ಬೋರ್ ನೀರು ಗಡಸು, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಅವು ಜೇಡಿಯ ಕಣಗಳನ್ನು ಒಂದಕ್ಕೊಂದು ಅಂಟಿಸುತ್ತವೆ. ಗ್ಲೇಜ್ ಮೊಸರಿನ ಹಾಗೆ ಗಟ್ಟಿಯಾಗುತ್ತದೆ. ಗಟ್ಟಿಯಾಯಿತು ಅಂತ ನಾವು ಇನ್ನಷ್ಟು ನೀರು ಸುರಿಯುತ್ತೇವೆ. ಅಲ್ಲಿಗೆ ಕೆಟ್ಟಿತು.

ಪರೀಕ್ಷೆ ಸುಲಭ. ಎರಡು ಲೋಟದಲ್ಲಿ ಒಂದೇ ಗ್ಲೇಜ್ ಪುಡಿ 100 ಗ್ರಾಂ ಹಾಕಿ. ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಆರ್‌ಓ ನೀರು, ಎರಡಕ್ಕೂ 80 ಮಿಲಿ. ಮಾರನೇ ದಿನ ಕಲಕಿ ನೋಡಿ. ಬೋರ್ ನೀರಿನದ್ದು ಎದ್ದು ಕಾಣುವಷ್ಟು ಗಟ್ಟಿಯಾಗಿದ್ದರೆ ಕಳ್ಳ ಸಿಕ್ಕಿದ. ಎರಡೂ ಒಂದೇ ಥರ ಇದ್ದರೆ ತೂಕ ನೋಡಿ. ಚೆನ್ನಾಗಿ ಕಲಕಿದ ಗ್ಲೇಜ್ 100 ಮಿಲಿ ಅಳೆದು ಅಡುಗೆ ಮನೆಯ ತಕ್ಕಡಿಯಲ್ಲಿ ಇಡಿ (ಆ ಅಳತೆ ಲೋಟ ಮತ್ತೆ ಅಡುಗೆ ಮನೆಗೆ ಹೋಗಬಾರದು). ಅದ್ದುವ ಗ್ಲೇಜ್ ಸಾಮಾನ್ಯವಾಗಿ 140 ರಿಂದ 150 ಗ್ರಾಂ ತೂಗುತ್ತದೆ. ಪ್ರತಿ ಸಲ ಆ ಅಂಕಿಯನ್ನು ಬಕೆಟ್ ಮೇಲೆ ಬರೆದಿಡಿ. "ಮಜ್ಜಿಗೆ ಹದ", "ಹಾಲಿನ ಹದ" ಅನ್ನುವುದು ಕೇಳಲು ಚೆಂದ. ಆದರೆ ಮೊಸರಾದ ಗ್ಲೇಜ್‌ನಲ್ಲಿ ಆ ಹದ ಕೈಕೊಡುತ್ತದೆ.

ಸುಟ್ಟು ವಾರಗಳಾದ ಮೇಲೆ ಚಕ್ಕೆ ಸಿಡಿದಿದೆ

ಮಳೆಗಾಲದ ಒಂದು ರಾತ್ರಿ ಕಪಾಟಿನಿಂದ "ಟಪ್" ಅಂತ ಸದ್ದು ಬಂತು. ಹಲ್ಲಿ ಏನೋ ಬೀಳಿಸಿತು ಅಂದುಕೊಂಡೆ. ಬೆಳಿಗ್ಗೆ ನೋಡಿದರೆ ಮೂರು ವಾರದ ಹಿಂದೆ ಸುಟ್ಟ ಬಟ್ಟಲಿನ ಹೊಟ್ಟೆಯಿಂದ ಕಡಲೆಬೇಳೆ ಗಾತ್ರದ ಚಕ್ಕೆ ಹಾರಿತ್ತು. ಗುಂಡಿಯ ತಳದಲ್ಲಿ ಸಾಸಿವೆಗಿಂತ ಚಿಕ್ಕದಾದ ಒಂದು ಬಿಳಿ ಕಾಳು. ಉಗುರಿನಿಂದ ಒತ್ತಿದರೆ ಹಿಟ್ಟಾಯಿತು.

ಬಟ್ಟಲನ್ನು ನಮ್ಮ ಓಣಿಯ ಕುಂಬಾರ ಅಜ್ಜನಿಗೆ ತೋರಿಸಿದೆ. ಒಂದು ಸಲ ನೋಡಿ, "ತಂಗೀ, ಮಣ್ಣು ಎರಿ ಹೊಲದ್ದೇನ? ಜರಡಿ ಹಿಡದಿಲ್ಲ ನೀ" ಅಂದ. ಎರಡೂ ನಿಜವಾಗಿತ್ತು.

ಎರೆ ಮಣ್ಣಿನಲ್ಲಿ ಸುಣ್ಣದ ಹಳ್ಳು ಇರುತ್ತವೆ. ಉರಿಯಲ್ಲಿ ಅವು ಸುಟ್ಟ ಸುಣ್ಣವಾಗುತ್ತವೆ. ಆಮೇಲೆ ಗಾಳಿಯ ತೇವ ಹೀರಿ ಉಬ್ಬುತ್ತವೆ, ಮೇಲಿನ ಗ್ಲೇಜನ್ನೂ ಕಿತ್ತುಕೊಂಡು ಸಿಡಿಯುತ್ತವೆ. ಧಾರವಾಡದ ಮಳೆಗಾಲದ ತೇವದಲ್ಲಿ ಇದು ಬೇಗ ಆಗುತ್ತದೆ. ಗುಂಡಿಯ ತಳದಲ್ಲಿ ಬಿಳಿ ಕಾಳು ಇದ್ದರೆ ಸುಣ್ಣವೇ, ಬೇರೆ ಅನುಮಾನ ಬೇಡ.

ಮುಂದಿನ ಮಣ್ಣು ತಂದಾಗ ಒಣಗಿದ ಹೆಂಟೆಯ ಮೇಲೆ ನಿಂಬೆರಸ ಹಿಂಡಿ. ಬುರುಬುರು ನೊರೆ ಬಂದರೆ ಸುಣ್ಣ ಇದೆ. ಮಣ್ಣನ್ನು ನೀರಿನಲ್ಲಿ ಕದಡಿ 80 ಮೆಶ್ (ಇಂಚಿಗೆ 80 ಕಣ್ಣು) ಜರಡಿಯಲ್ಲಿ ಸೋಸಿ. ನೊರೆ ತುಂಬಾ ಬಂದರೆ ಆ ಮಣ್ಣೇ ಬಿಡಿ. ಮಸಾರಿ ಮಣ್ಣಾದರೂ ಪರೀಕ್ಷೆ ಬಿಡಬೇಡಿ. ನಾನು ಈಗ ಖಾನಾಪುರದ ಮಣ್ಣು ತರಿಸುತ್ತೇನೆ. ಅಲ್ಲಿ ಕುಂಬಾರಿಕೆ ಕಲಿಸುವ ಕೇಂದ್ರ ಸರ್ಕಾರದ ತರಬೇತಿ ಸಂಸ್ಥೆಯೂ ಇದೆ. ಮಣ್ಣಿನ ಬಗ್ಗೆ ತಲೆಕೆಟ್ಟವರು ಒಮ್ಮೆ ಹೋಗಿ ಬರಬಹುದು.

ಈಗಾಗಲೇ ಸುಟ್ಟ ಪಾತ್ರೆಗೆ ಒಂದು ಉಪಾಯ ಇದೆ. ಬಿಸ್ಕ್ ಪಾತ್ರೆ ಭಟ್ಟಿಯಿಂದ ತೆಗೆದು ತಣ್ಣಗಾದ ಕೂಡಲೇ ನೀರಿನಲ್ಲಿ ಪೂರ್ತಿ ಮುಳುಗಿಸಿಡಿ. ಸಣ್ಣ ಸುಣ್ಣದ ಕಾಳು ಅಲ್ಲೇ ಕರಗಿ ಮೆತ್ತಗಾಗುತ್ತದೆ, ಸಿಡಿಯುವ ಶಕ್ತಿ ಕಡಿಮೆಯಾಗುತ್ತದೆ. ಸುಣ್ಣದ ದೊಡ್ಡ ಹಳ್ಳುಗಳಿಗೆ ಇದು ಸಾಲಲ್ಲ. ಸಿಡಿದ ಪಾತ್ರೆಯನ್ನು ಮಾರಬೇಡಿ, ಅದರಲ್ಲಿ ಉಣ್ಣಬೇಡಿ. ಗಿಡ ನೆಡಿ.

ಕೂದಲೆಳೆಯ ಬಿರುಕು, "ಟಿಣ್ ಟಿಣ್" ಸದ್ದು

ಭಟ್ಟಿಯ ಮುಚ್ಚಳ ತೆಗೆದಾಗ ಟಿಣ್ ಟಿಣ್ ಅಂತ ಹಾಡು ಕೇಳಿದರೆ ಗ್ಲೇಜ್ ಬಿರಿಯುತ್ತಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರೆ. ನಮಗೆ ದೊಣ್ಣೆಯೂ ಬೇಡ, ಅವಸರದಲ್ಲಿ ಮುಚ್ಚಳ ತೆಗೆದರೆ ಸಾಕು. 100 ಡಿಗ್ರಿಗಿಂತ ಕೆಳಗೆ ಇಳಿಯುವವರೆಗೆ ಮುಟ್ಟಬೇಡಿ.

ತಣ್ಣಗೆ ತೆಗೆದರೂ ಬಿರುಕು ಬಂದರೆ, ತಣಿಯುವಾಗ ಗ್ಲೇಜ್ ಮಣ್ಣಿಗಿಂತ ಜಾಸ್ತಿ ಕುಗ್ಗುತ್ತಿದೆ. ಬಿಗಿಯಾದ ಅಂಗಿ ಹರಿದ ಹಾಗೆ. ಬಿರುಕು ಕಾಣದಿದ್ದರೆ ಒಂದು ಹನಿ ಪೆನ್ನಿನ ಇಂಕ್ ಸವರಿ ಒರೆಸಿ, ಗೆರೆ ಎದ್ದು ಬರುತ್ತದೆ.

ಆಮೇಲೆ ಮಣ್ಣು ಎಷ್ಟು ನೀರು ಕುಡಿಯುತ್ತದೆ ನೋಡಿ. ಗ್ಲೇಜ್ ಇಲ್ಲದ, ಅದೇ ಉರಿಯಲ್ಲಿ ಸುಟ್ಟ ತುಂಡನ್ನು ತೂಗಿ, ಎರಡು ಗಂಟೆ ನೀರಿನಲ್ಲಿ ಕುದಿಸಿ, ಒರೆಸಿ ಮತ್ತೆ ತೂಗಿ. 300 ಗ್ರಾಂ ಇದ್ದದ್ದು 312 ಆದರೆ 4 ಶೇಕಡಾ. ಜಾಸ್ತಿ ನೀರು ಕುಡಿಯುವ ಮಣ್ಣು ತಿಂಗಳುಗಳ ನಂತರವೂ ತೇವ ಹೀರಿ ಉಬ್ಬಿ ಗ್ಲೇಜ್ ಬಿರಿಸುತ್ತದೆ. ಟೆರಾಕೋಟಾ ಮಾಡುವವರು ಇದನ್ನು ನೆನಪಿಡಬೇಕು. ಗ್ಲೇಜ್ ನೀವೇ ಕಲಸುವುದಾದರೆ ಸಿಲಿಕಾವನ್ನು (ಬೆಣಚುಕಲ್ಲಿನ ಪುಡಿ) 5 ಭಾಗ, 10 ಭಾಗ ಅಂತ ಹೆಚ್ಚಿಸುತ್ತಾ ಸಣ್ಣ ಟೈಲ್ ಮೇಲೆ ನೋಡಿ. ರೆಡಿ ಗ್ಲೇಜ್ ಆದರೆ ಬೇರೆ ಗ್ಲೇಜ್ ಹಿಡಿಯುವುದೇ ಸುಲಭ.

ಬಿರುಕಿನಲ್ಲಿ ಕೊಳೆ ಸೇರುತ್ತದೆ, ಪಾತ್ರೆಯ ಬಲವೂ ಕಡಿಮೆ. ಹೂದಾನಿಗೆ ಚೆಂದ, ಉಪ್ಪಿನಕಾಯಿಗೆ ಬೇಡ. ಪಾತ್ರೆಯನ್ನು ಬೆರಳಿನಿಂದ ತಟ್ಟಿ ನೋಡಿ. "ಟಣ್" ಅನ್ನದೆ "ದಬ್" ಅಂದರೆ ಬಿರುಕು ಮಣ್ಣಿನವರೆಗೂ ಹೋಗಿದೆ. ಅದಕ್ಕೆ ಬಿಸಿ ಚಹಾ ಸುರಿದು ಪರೀಕ್ಷೆ ಮಾಡಲು ಹೋಗಬೇಡಿ.

ಅಂಚಿನಲ್ಲಿ ಗ್ಲೇಜ್ ಸಿಪ್ಪೆ ಏಳುತ್ತಿದೆ

ಇದು ಮೇಲಿನದರ ಉಲ್ಟಾ. ಮಣ್ಣು ಗ್ಲೇಜ್‌ಗಿಂತ ಜಾಸ್ತಿ ಕುಗ್ಗಿ ಗ್ಲೇಜನ್ನು ಹೊರಗೆ ತಳ್ಳುತ್ತದೆ. ಇಲ್ಲಿ ಪರೀಕ್ಷೆ ಗಿರೀಕ್ಷೆ ಬೇಡ, ನಿಲ್ಲಿಸಿ. ಬೀಳುವುದು ಗಾಜಿನ ಚೂರು, ಊಟದ ಜೊತೆ ಹೊಟ್ಟೆಗೆ ಹೋಗಬಹುದು. ಉಜ್ಜಿ ನಯ ಮಾಡಿದರೂ ಇನ್ನೊಂದು ಕಡೆ ಏಳುತ್ತದೆ. ಆ ಮಣ್ಣು, ಆ ಗ್ಲೇಜ್ ಜೋಡಿಯನ್ನೇ ಬಿಟ್ಟುಬಿಡಿ.

ಗ್ಲೇಜ್ ಮಂಕಾಗಿ, ಉಸುಕಿನ ಹಾಳೆಯಂತೆ ಒರಟಾಗಿದೆ

ಶಾಖ ಸಾಲಲಿಲ್ಲ. ಭಟ್ಟಿಯ ಡಿಸ್‌ಪ್ಲೇ 1220 ತೋರಿಸಿತ್ತಲ್ಲ ಅಂತೀರಾ? ಅದು ಶಾಖ ಅಳೆಯುವ ಥರ್ಮೋಕಪಲ್ ಇರುವ ಜಾಗದ ಮಾತು. ಪಾತ್ರೆಯ ಪಕ್ಕ ಒಂದು ಕೋನ್ ಇಡಿ, ಅಂದರೆ ತಕ್ಕ ಶಾಖ ತಾಗಿದಾಗ ಮೆತ್ತಗಾಗಿ ಬಾಗುವ ಸಣ್ಣ ಚೂಪು ಗೂಟ. ಕೋನ್ 6 ಬಾಗಿದರೆ ಸುಮಾರು 1220 ಡಿಗ್ರಿಯ ಕೆಲಸ ಆಗಿದೆ, ನೆಟ್ಟಗೆ ನಿಂತಿದ್ದರೆ ಆಗಿಲ್ಲ. ಮೇಲಿನ ಹಲಗೆ ಚೆನ್ನಾಗಿ, ಕೆಳಗಿನದು ಮಂಕಾಗಿ ಬಂದರೆ ತುಂಬುವ ರೀತಿ ಬದಲಿಸಿ.

ಎಲ್ಲವೂ ಮಂಕು, ಉರಿಗೂ ಮಾಮೂಲಿಗಿಂತ ಎರಡು-ಮೂರು ಗಂಟೆ ಜಾಸ್ತಿ ಹಿಡಿಯಿತು ಅಂದರೆ ಕರೆಂಟ್ ನೋಡಿ. ವೋಲ್ಟೇಜ್ 230 ರಿಂದ 200ಕ್ಕೆ ಇಳಿದರೆ ಕಾಯಿಲ್ ಕೊಡುವ ಶಾಖ ಸುಮಾರು ಕಾಲು ಭಾಗ ಇಳಿಯುತ್ತದೆ. ಬೇಸಿಗೆಯ ಸಂಜೆ ಊರೆಲ್ಲ ಫ್ಯಾನು, ಕೂಲರ್ ಹಾಕಿಕೊಂಡಾಗ ನಾನು ಭಟ್ಟಿ ಹಚ್ಚುವುದೇ ಇಲ್ಲ. ರಾತ್ರಿ ಹತ್ತರ ನಂತರ ಶುರು. ತ್ರೀ-ಫೇಸ್ ಭಟ್ಟಿ ಇದ್ದರೆ ಒಂದು ಫೇಸ್ ಹೋಗಿದೆಯಾ ನೋಡಿ. ಎಲ್ಲಾ ಸರಿ ಇದ್ದರೆ ಕಾಯಿಲ್ ಹಳೆಯದಾಗಿದೆ.

ಇಲ್ಲಿಂದ ಮುಂದೆ ನೀವು ಕೈ ಹಾಕಬೇಡಿ. ಪ್ಯಾನೆಲ್ ಬಿಚ್ಚುವುದು, ಕಾಯಿಲ್ ಅಳೆಯುವುದು ಎಲೆಕ್ಟ್ರಿಷಿಯನ್ ಕೆಲಸ. ಎಂಸಿಬಿ ಪದೇ ಪದೇ ಬಿದ್ದರೆ, ಸುಟ್ಟ ವಾಸನೆ ಬಂದರೆ, ಭಟ್ಟಿಯ ಮೈ ಮುಟ್ಟಿದರೆ ಜುಮ್ ಅಂದರೆ ಮೇನ್ ಆಫ್ ಮಾಡಿ ಫೋನ್ ಮಾಡಿ. ಉರಿಯುವ ಭಟ್ಟಿಯ ಕಿಂಡಿಯೊಳಗೆ ಬರಿಗಣ್ಣಿನಲ್ಲಿ ಇಣುಕಬೇಡಿ, ವೆಲ್ಡಿಂಗ್ ಗ್ಲಾಸ್ ಬೇಕು. ಕೂಲಿಂಗ್ ಗ್ಲಾಸ್ ನಡೆಯಲ್ಲ.

ಇದರ ಉಲ್ಟಾ, ಗ್ಲೇಜ್ ಇಳಿದು ಹಲಗೆಗೆ ಅಂಟಿದ್ದರೆ, ಒಂದೋ ದಪ್ಪ ಹಚ್ಚಿದ್ದೀರಿ, ಇಲ್ಲ ಉರಿ ಜಾಸ್ತಿಯಾಗಿದೆ. ತಳದಿಂದ ಅರ್ಧ ಸೆಂಟಿಮೀಟರ್ ಗ್ಲೇಜ್ ಒರೆಸಿ ಬಿಡಿ. ಅಂಟಿದ್ದನ್ನು ಬಿಡಿಸುವಾಗ ಕಣ್ಣಿಗೆ ಕನ್ನಡಕ ಇರಲಿ.

"ಇದರಲ್ಲಿ ಊಟ ಮಾಡಬಹುದಾ?"

ದೋಷ ಅಲ್ಲ, ಆದರೆ ಎಲ್ಲರೂ ಕೇಳುತ್ತಾರೆ. ನಿಂಬೆ ಹೋಳನ್ನು ಗ್ಲೇಜ್ ಮೇಲೆ ಒಂದು ರಾತ್ರಿ ಇಡಿ. ಬಣ್ಣ ಮಾಸಿದರೆ ಗ್ಲೇಜ್ ಕರಗುತ್ತಿದೆ, ಸಾರು-ಹುಳಿಗೆ ಬೇಡ. ಮಾಸದಿದ್ದರೆ ಸುರಕ್ಷಿತ ಅಂತಲ್ಲ. ಸೀಸ ಬಿಡುತ್ತಿದೆಯಾ ಅನ್ನುವುದು ನಿಂಬೆಗೆ ಗೊತ್ತಾಗಲ್ಲ. ಪ್ರಯೋಗಾಲಯದಲ್ಲಿ 4 ಶೇಕಡಾ ಅಸೆಟಿಕ್ ಆಮ್ಲವನ್ನು 24 ಗಂಟೆ ಪಾತ್ರೆಯಲ್ಲಿಟ್ಟು ಸೀಸ, ಕ್ಯಾಡ್ಮಿಯಂ ಅಳೆಯುತ್ತಾರೆ. ಊಟದ ಪಾತ್ರೆ ಮಾರುವವರು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿನಲ್ಲಿ ಮಾಡಿಸಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಲೇಬಲ್ ಇಲ್ಲದ, ಬಿಡಿಯಾಗಿ ಸಿಗುವ ಗ್ಲೇಜ್ ಪುಡಿ ಅಗ್ಗ ಅಂತ ಕೊಳ್ಳಬೇಡಿ.

ಗ್ಲೇಜ್ ಪುಡಿ ಕಲಸುವಾಗ ಎನ್95 ಮಾಸ್ಕ್ ಹಾಕಿ. ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಉಳಿದುಬಿಡುತ್ತದೆ. ಕಸಬರಿಗೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಫೋಟೋದಲ್ಲಿ ಬಣ್ಣವೇ ಬೇರೆ

ಇಲ್ಲಿಂದ ಫೋನಿನ ಕಥೆ. ನವಿಲು ಬಣ್ಣದ ಪಾತ್ರೆ ಫೋಟೋದಲ್ಲಿ ಬರಿ ನೀಲಿ. ಮೊದಲು ಟ್ಯೂಬ್‌ಲೈಟ್ ಆರಿಸಿ. ಕಿಟಕಿಯ ಬೆಳಕು, ಬಲ್ಬಿನ ಬೆಳಕು ಎರಡೂ ಬಿದ್ದರೆ ಫೋನಿಗೆ ಯಾವುದನ್ನು ಬಿಳಿ ಅಂತ ಹಿಡಿಯಬೇಕು ತಿಳಿಯಲ್ಲ. ಆಮೇಲೆ ಗೋಡೆ ನೋಡಿ. ನಮ್ಮ ಪಡಸಾಲೆಯ ಗೋಡೆ ತಿಳಿ ಹಸಿರು. ಅಲ್ಲಿ ತೆಗೆದ ಬಿಳಿ ಬಟ್ಟಲೆಲ್ಲ ಕಾಮಾಲೆ ಬಂದ ಹಾಗೆ ಕಾಣುತ್ತಿದ್ದವು. ಬಣ್ಣ ಹಾಕದ ಬಿಳಿ ಖಾದಿ ಬಟ್ಟೆಯನ್ನು ಹಿಂದೆ, ಪಕ್ಕ ಕಟ್ಟಿದ ಮೇಲೆ ಸರಿಹೋಯಿತು. ಹುಬ್ಬಳ್ಳಿಯ ಬೆಂಗೇರಿ ಖಾದಿ ನಮ್ಮಲ್ಲೇ ಸಿಗುವಾಗ ಪ್ಲಾಸ್ಟಿಕ್ ಬ್ಯಾಕ್‌ಡ್ರಾಪ್ ಯಾಕೆ?

ಇನ್ನೂ ಸರಿಯಾಗದಿದ್ದರೆ ಮೊದಲ ಫೋಟೋದಲ್ಲಿ ಪಾತ್ರೆಯ ಪಕ್ಕ ಬೂದು ಬಣ್ಣದ ಕಾರ್ಡ್ ಇಟ್ಟು, ಎಡಿಟ್ ಮಾಡುವಾಗ ಅದರ ಮೇಲೆ ಒತ್ತಿ ಬಣ್ಣ ಸರಿಮಾಡಿ. ಅದೇ ಅಳತೆಯನ್ನು ಉಳಿದ ಫೋಟೋಗಳಿಗೂ ಹಾಕಿ.

ಹೊಳೆಯುವ ಗ್ಲೇಜ್ ಮೇಲೆ ಬಿಳಿ ಪಟ್ಟಿ, ನಿಮ್ಮದೇ ಮುಖ

ಗ್ಲೇಜ್ ಅಂದರೆ ಗಾಜು, ಎದುರಿಗೆ ಇದ್ದದ್ದನ್ನೆಲ್ಲ ತೋರಿಸುತ್ತದೆ. ಹೊಳಪನ್ನು ಪೂರ್ತಿ ತೆಗೆಯಲು ಹೋಗಬೇಡಿ, ತೆಗೆದರೆ ಪಾತ್ರೆ ಪ್ಲಾಸ್ಟಿಕ್ ಥರ ಕಾಣುತ್ತದೆ. ಹೊಳಪು ಮೆತ್ತಗಾಗಬೇಕು ಅಷ್ಟೇ. ನಾನು ಕಿಟಕಿಗೆ ಅಜ್ಜನ ಹಳೆಯ ಬಿಳಿ ಧೋತರ ಕಟ್ಟುತ್ತೇನೆ. ಒಗೆದು ಒಗೆದು ತೆಳ್ಳಗಾಗಿದೆ, ಬೆಳಕು ಹಾಲಿನ ಹಾಗೆ ಇಳಿಯುತ್ತದೆ. ಬೆಳಕು ಪಕ್ಕದಿಂದ ಬರಲಿ, ನೀವು ಕಪ್ಪು ಬಟ್ಟೆ ಹಾಕಿಕೊಳ್ಳಿ. ಫ್ಲ್ಯಾಶ್ ಬೇಡವೇ ಬೇಡ. ಇಷ್ಟಾದರೂ ಹೊಳಪು ಕಾಡಿದರೆ ಮಾತ್ರ ಪೋಲರೈಜರ್ ಫಿಲ್ಟರ್‌ಗೆ ದುಡ್ಡು ಹಾಕಿ.

ಫೋಟೋದ ಮೇಲೆ ಅಡ್ಡ ಪಟ್ಟೆಗಳು

ಅಗ್ಗದ ಎಲ್‌ಇಡಿ. ನಮ್ಮ ಕರೆಂಟ್ 50 ಹರ್ಟ್ಜ್, ಅಂಥ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಫೋನಿನ ಪ್ರೊ ಮೋಡ್‌ನಲ್ಲಿ ಶಟರ್ 1/50 ಅಥವಾ 1/100 ಇಡಿ, ಪಟ್ಟೆ ಹೋಗುತ್ತದೆ. ಪಾತ್ರೆಗೇನೂ ಆಗಿಲ್ಲ.

ದುಂಡಗಿನ ಪಾತ್ರೆ ಸೊಟ್ಟ, ಬಿಳಿ ಪಾತ್ರೆ ಬೂದು

ಸೊಟ್ಟ ಕಂಡರೆ ತೀರಾ ಹತ್ತಿರ ಹೋಗಿದ್ದೀರಿ. ನಾಲ್ಕು ಹೆಜ್ಜೆ ಹಿಂದೆ ಸರಿದು 2ಎಕ್ಸ್ ಇಟ್ಟು ತೆಗೆಯಿರಿ. ಬಿಳಿ ಪಾತ್ರೆ ಬೂದಾಗುವುದಕ್ಕೆ ಕಾರಣ ಫೋನಿನ ಲೆಕ್ಕಾಚಾರ. ಎದುರಿಗೆ ಇದ್ದದ್ದೆಲ್ಲ ಬಿಳಿಯಾದರೆ "ಬೆಳಕು ಜಾಸ್ತಿಯಾಯಿತು" ಅಂತ ತಾನೇ ಕತ್ತಲು ಮಾಡುತ್ತದೆ. ಪಾತ್ರೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಬೆಳಕನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ. ಕಪ್ಪು ಗ್ಲೇಜ್‌ಗೆ ಕೆಳಕ್ಕೆ.

ಆ ಆರು ಕಪ್‌ಗಳ ನಂತರ ನಾನು ಒಂದು ಕೆಲಸ ಬಿಡುವುದಿಲ್ಲ. ಪ್ರತಿ ಪಾತ್ರೆಯನ್ನೂ ಕಿಟಕಿಯ ಮುಂದೆ ಕೈಯಲ್ಲಿ ಹಿಡಿದು, ತಿರುಗಿಸುತ್ತಾ, ಹತ್ತು ಸೆಕೆಂಡಿನ ವಿಡಿಯೋ ತೆಗೆದು ಕೊಳ್ಳುವವರಿಗೆ ಮೊದಲೇ ಕಳಿಸುತ್ತೇನೆ. ಸೂಜಿ ತೂತು ಇದ್ದರೆ ವಿಡಿಯೋದಲ್ಲಿ ಉಗುರಿನಿಂದ ತೋರಿಸಿಯೇ ಬಿಡುತ್ತೇನೆ. ಕೆಲವರು ಆದರೂ ತಗೊಳ್ಳುತ್ತಾರೆ.